ರಾಚವ್ವನ ಗುಲಾಬಿ ಚೀಟಿ

ದಹಿಸರಿನ ಆ ಚಾಳಿನಲ್ಲಿ ಹದಿನಾಲ್ಕು ಖೋಲಿಗಳು. ಹನ್ನೊಂದನೆಯದು ರಾಚವ್ವನದು, ಹನ್ನೆರಡನೆಯದು ಇಂದ್ರಾಬಾಯಿಯದು. ನಡುವೆ ಒಂದೇ ಗೋಡೆ. ಗೋಡೆಯಾಚೆ ಏನು ಹುರಿದರು, ಯಾವುದಕ್ಕೆ ಒಗ್ಗರಣೆ ಬಿತ್ತು, ಯಾರು ಕೆಮ್ಮಿದರು, ಎಲ್ಲವೂ ರಾಚವ್ವನಿಗೆ ಗೊತ್ತಾಗುತ್ತಿತ್ತು. ಗೊತ್ತಾಗದ ದಿನ ಅವಳಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ರಾಚವ್ವ ಬಿಜಾಪುರ ಜಿಲ್ಲೆಯ ಸಿಂದಗಿ ಕಡೆಯವಳು. ಗಂಡ ಶೆಟ್ಟೆಪ್ಪ ಗೌಂಡಿ. ಬೊರಿವಲಿಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಇಟ್ಟಿಗೆ ಕಟ್ಟುವವನು. ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಾಗಿತ್ತು. ಊರ ಕಡೆಯಿಂದ ದುಡಿಯಲು ಬಂದ ಮೂವತ್ತು ಗಂಡಸರಿಗೆ ರಾಚವ್ವ ದಿನಾ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅವಳ ರೊಟ್ಟಿ ತೆಳ್ಳಗೆ, ಅಂಚು ಒಡೆಯದೆ, ಹುಣ್ಣಿಮೆಯ ಚಂದ್ರನಂತೆ ದುಂಡಗೆ ಬರುತ್ತಿತ್ತು. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು. ಆದರೆ ಇಂದ್ರಾಬಾಯಿಯ ಕುಕ್ಕರು ಒಂದು ಸೀಟಿ ಹಾಕಿತೆಂದರೆ ಸಾಕು, ಆ ಹೆಮ್ಮೆಯೆಲ್ಲ ಬೂದಿಯಾಗುತ್ತಿತ್ತು.

ಇಂದ್ರಾಬಾಯಿ ಧಾರವಾಡದವಳು. ಅವಳ ಗಂಡ ಬಸವಂತರಾಯ ಕೋಟೆ ಪ್ರದೇಶದ ಬ್ಯಾಂಕೊಂದರಲ್ಲಿ ಕಾರಕೂನ. ಚಾಳಿಗೆ ಮೊದಲ ರೇಡಿಯೋ ಬಂದದ್ದು ಅವರ ಮನೆಗೆ, ಮೊದಲ ಕುಕ್ಕರು ಬಂದದ್ದೂ ಅವರ ಮನೆಗೇ. ಇಂದ್ರಾಬಾಯಿ ಕೆಟ್ಟವಳಾಗಿದ್ದರೆ ರಾಚವ್ವನಿಗೆ ಎಷ್ಟೋ ಸುಖವಿತ್ತು, ಬೈದು ಹಗುರಾಗಬಹುದಿತ್ತು. ಅವಳೋ ನಕ್ಕು ಮಾತಾಡುವವಳು. ಹಬ್ಬದ ದಿನ ಬಟ್ಟಲು ತುಂಬ ಬೇಸನ್ ಉಂಡಿ ಕಳಿಸುವವಳು. ಬಂದ ಬಟ್ಟಲನ್ನು ಬರಿದಾಗಿ ತಿರುಗಿಸಬಾರದು ಎಂಬುದು ನಮ್ಮವರ ರೂಢಿ. ಅಲ್ಲಿಂದ ನಾಲ್ಕು ಉಂಡಿ ಬಂದರೆ ರಾಚವ್ವ ಆರು ಶೇಂಗಾ ಹೋಳಿಗೆ ಹಾಕಿ ಕಳಿಸುವಳು. ಆರಕ್ಕೆ ಎಂಟು ಬರುವುದು. ಹನ್ನೆರಡು ವರ್ಷ ಆ ಬಟ್ಟಲು ಗೋಡೆಯ ಆಚೆ ಈಚೆ ಓಡಾಡಿತು. ಇಂದ್ರಾಬಾಯಿ ಅದನ್ನು ಸ್ನೇಹವೆಂದುಕೊಂಡಿದ್ದಳು. ರಾಚವ್ವನಿಗೆ ಅದು ಕುಸ್ತಿ.

ಅವಳಿಗೆ ಒಂದೇ ಒಂದು ಆಸೆಯಿತ್ತು. ಒಲೆಯ ಮೇಲುಗಡೆಯ ಗೋಡೆಗೆ ಕಿರಾಣಿ ಅಂಗಡಿಯವನು ಎಂದೋ ಕೊಟ್ಟ ಕ್ಯಾಲೆಂಡರು ನೇತಾಡುತ್ತಿತ್ತು. ತಾರೀಖಿನ ಹಾಳೆಗಳು ಹರಿದುಹೋಗಿ ಹನ್ನೊಂದು ವರ್ಷವಾಗಿದ್ದರೂ ಚಿತ್ರ ಮಾತ್ರ ಉಳಿದಿತ್ತು: ಕಾಶ್ಮೀರದ ಗುಡ್ಡ, ಅದರ ಮೈತುಂಬ ಹಿಮ. ಒಲೆಯ ಝಳಕ್ಕೆ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ, ಮುಖದ ಬೆವರು ತೋಳಿನಿಂದ ಒರೆಸಿಕೊಳ್ಳುತ್ತ, ಅವಳು ಆ ಬಿಳುಪನ್ನೇ ನೋಡುವಳು. ಹುಟ್ಟಿದಾಗಿನಿಂದ ಬೆಂಕಿಯ ಮುಂದೆ ಕೂತ ಜೀವ ತನ್ನದು. ಒಮ್ಮೆ ಆ ಬರ್ಫಿನ ಮೇಲೆ ನಿಂತು ಒಂದು ಹಿಡಿ ಕೈಯಲ್ಲಿ ಹಿಡಿಯಬೇಕು. ಚಾಳಿನ ಹೆಂಗಸರು ಸೇರಿ ನಡೆಸುವ ಭಿಶಿಯಲ್ಲಿ ತಿಂಗಳು ತಿಂಗಳು ರೊಟ್ಟಿಯ ದುಡ್ಡು ಹಾಕುತ್ತ ಹೋದಳು. ೧೯೭೦ರ ಫೆಬ್ರವರಿಯಲ್ಲಿ ಇಬ್ಬರಿಗಾಗುವಷ್ಟು ಕೂಡಿತು.

ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲಿನ ಅಟ್ಟದ ಮೇಲೆ ಅಣ್ಣು ಎಂಬ ಕರಾವಳಿಯ ಹುಡುಗ ಪ್ರವಾಸದ ಆಫೀಸು ಇಟ್ಟಿದ್ದ. ಒಂದು ಮೇಜು, ಎರಡು ಕುರ್ಚಿ, ಕೆಳಗಿನಿಂದ ಬರುವ ಸಾಂಬಾರಿನ ಘಮ. ಮೇ ಒಂದಕ್ಕೆ ಹೊರಟು ಹದಿನೆಂಟು ದಿನ. ಪಠಾಣಕೋಟದವರೆಗೆ ರೈಲು, ಮುಂದೆ ಬಸ್ಸು, ಜೊತೆಗೆ ತಮ್ಮದೇ ಅಡುಗೆಯವರು. ರಾಚವ್ವ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸೀಟು ಬರೆಸಿದಳು.

"ಸೀಟಿಗೆ ಒಂಬತ್ತು ರೂಪಾಯಿ ಹೆಚ್ಚಿಗೆ ಕೊಟ್ರೆ ವಿಮೆ ಉಂಟು ರಾಚಕ್ಕ," ಎಂದ ಅಣ್ಣು. "ಹೊರಡುವ ಮೊದಲು ಕಾಯಿಲೆ ಬಿದ್ದು ಹೋಗ್ಲಿಕ್ಕೆ ಆಗದಿದ್ರೆ ಕೊಟ್ಟದ್ದೆಲ್ಲ ವಾಪಸು ಸಿಗ್ತದೆ."

"ಹೋಗೂ ಮೊದ್ಲ ಜಡ್ಡಿನ ಮಾತು ಆಡ್ತೀಯಲ್ಲೋ ತಮ್ಮಾ! ನಿನ್ನ ಬಾಯಾಗ ಸಕ್ರಿ ಹಾಕಬೇಕಂತ ಬಂದಿದ್ದೆ, ಈಗ ಸುಣ್ಣ ಹಾಕಬೇಕನಸ್ತೈತಿ."

ಅಣ್ಣು ನಕ್ಕ. ಬಿಳಿ ರಸೀದಿ ಎರಡು ಹರಿದು ಕೊಟ್ಟ.

ಮರುದಿನ ನಲ್ಲಿಯ ಹತ್ತಿರ ರಾಚವ್ವ ಹದಿಮೂರನೇ ಖೋಲಿಯ ಮಲ್ಲಕ್ಕನಿಗೆ ವಿಷಯ ಹೇಳಿದಳು. ಮಲ್ಲಕ್ಕ ಎದುರಿಗೇ ನಿಂತಿದ್ದಳು. ಆದರೂ ದನಿ ಮಾತ್ರ ಹನ್ನೆರಡನೇ ಖೋಲಿಯ ಒಳಗೆ ಕೇಳುವಷ್ಟು ಎತ್ತರಕ್ಕೆ ಏರಿತ್ತು. ಮುಂದಿನ ಐದು ದಿನ ರಾಚವ್ವನ ಕಾಲು ನೆಲದ ಮೇಲಿರಲಿಲ್ಲ. ಕುಕ್ಕರಿನ ಸೀಟಿ ಕೇಳಿದರೂ ಏನೂ ಅನಿಸಲಿಲ್ಲ.

ಆರನೆಯ ದಿನ ಇಂದ್ರಾಬಾಯಿ ಬಾಗಿಲಲ್ಲಿ ನಿಂತಳು. ಮುಖ ಅರಳಿತ್ತು.

"ರಾಚಕ್ಕಾ, ನಾವೂ ಬರ್ತೀವ್ರೀ! ಇವರಿಗೆ ಬ್ಯಾಂಕಿನವರು ಪ್ರವಾಸದ ಖರ್ಚು ಕೊಡ್ತಾರಂತ. ನಿಮ್ಮ ಜೋಡಿ ಅಂದ್ರ ನನಗೂ ಧೈರ್ಯ. ನೋಡ್ರಿ, ಚೀಟಿ ತಂದೇ ಬಿಟ್ರು."

ತಾನು ಹನ್ನೊಂದು ವರ್ಷ ಬೆಂಕಿ ಉಂಡು ಹತ್ತಿದ ಗುಡ್ಡವನ್ನು ಇವಳು ಐದೇ ದಿನದಲ್ಲಿ ಹತ್ತಿ ಪಕ್ಕದಲ್ಲಿ ನಿಂತಳಲ್ಲ ಎಂದುಕೊಂಡಳು ರಾಚವ್ವ. ಚೀಟಿ ನೋಡಿದಳು. ಬಿಳಿಯವು ಎರಡು, ಅವುಗಳ ಹಿಂದೆ ಪಿನ್ನು ಚುಚ್ಚಿದ ಗುಲಾಬಿ ಬಣ್ಣದವು ಎರಡು.

"ಇವೇನ್ರೀ, ಈ ಗುಲಾಬಿ?"

"ವಿಮಾದ್ದು. ಇರ್ಲಿ ಅಂದ್ರು ಇವರು. ನಿಮಗ ಕೊಟ್ಟಿಲ್ಲೇನು?"

ಆ ಕೊನೆಯ ಮಾತು ರಾಚವ್ವನ ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಮರುದಿನ ರೊಟ್ಟಿ ಮುಗಿಸಿದ್ದೇ ಲೋಕಲ್ ಹತ್ತಿ ಮಾಟುಂಗಾ ರೋಡಿನಲ್ಲಿಳಿದು ಬಿಸಿಲಲ್ಲಿ ನಡೆದು ಅಣ್ಣುವಿನ ಅಟ್ಟ ಏರಿದಳು.

"ನನಗೂ ಗುಲಾಬಿ ಚೀಟಿ ಕೊಡು."

"ಜಡ್ಡಿನ ಮಾತು ಬೇಡ ಅಂದದ್ದು ನೀವೇ ಅಲ್ವಾ ಮಾರಾಯ್ರೆ?"

"ಆಕೀಗೆ ಕೊಟ್ಟಿ. ನನಗ್ಯಾಕ ಇಲ್ಲ? ಎರಡು ಕೊಡು. ಆಕೀದಕ್ಕಿಂತ ಬಣ್ಣ ಗಾಢ ಇರ್ಲಿ."

ಬಣ್ಣ ಒಂದೇ ಇತ್ತು. ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿ, ಸಮಾಧಾನವಾಗದೆಯೇ ಮನೆಗೆ ಬಂದಳು.

ಏಪ್ರಿಲ್ ತಿಂಗಳ ಮೂರನೆಯ ವಾರ. ಹೊರಡಲು ಇನ್ನು ಹತ್ತು ದಿನವಿರುವಾಗ, ಒಂದು ಬೆಳಿಗ್ಗೆ ಸ್ನಾನಕ್ಕೆ ಕೂತ ರಾಚವ್ವ ತನ್ನ ಹೊಟ್ಟೆಯ ಮೇಲೆ ನೀರು ತುಂಬಿದ ಗುಳ್ಳೆಗಳನ್ನು ಕಂಡಳು. ಮೈ ಕಾಯುತ್ತಿತ್ತು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಮ್ಮ ಬಂದಿದ್ದಳು.

ಅವಳ ಊರಿನಲ್ಲಿ ಅದು ರೋಗವಲ್ಲ, ತಾಯಿ ಮನೆಗೆ ಬಂದದ್ದು. ಬಾಗಿಲಿಗೆ ಬೇವಿನ ತೊಂಗಲು ಕಟ್ಟಬೇಕು. ಒಗ್ಗರಣೆ ಹಾಕಬಾರದು, ಚಪ್ಪಲಿ ಮೆಟ್ಟಿ ಒಳಗೆ ಬರಬಾರದು, ದಿನ ಎಣಿಸಬಾರದು. ಡಾಕ್ಟರಂತೂ ಹೊಸ್ತಿಲು ದಾಟಲೇಬಾರದು. ದಾಟಿದರೆ ತಾಯಿ ಮುನಿಯುತ್ತಾಳೆ. ರಾಚವ್ವ ಬೇವಿನ ಎಲೆಗಳನ್ನು ಬಾಗಿಲಿನ ಬದಲು ಹಾಸಿಗೆಯ ಕೆಳಗೆ ಇಟ್ಟುಕೊಂಡಳು. ಮುಖದ ಮೇಲೆ ಏಳದಿದ್ದರೆ ಸೆರಗು ಹೊದ್ದು ರೈಲು ಹತ್ತಿಬಿಡುತ್ತೇನೆ, ತಾಯಿಗೂ ಹಿಮ ತೋರಿಸಿಕೊಂಡು ಬರುತ್ತೇನೆ ಎಂಬುದು ಅವಳ ಎಣಿಕೆ.

ಶೆಟ್ಟೆಪ್ಪ ಗುಳ್ಳೆ ನೋಡಿದವನೇ ಸುಣ್ಣದಂತೆ ಬಿಳಿಚಿಕೊಂಡ. "ಡಾಕ್ಟರನ್ನ ಕರೀಲೇನು?"

"ಹುಚ್ಚ ಹಿಡೀತೇನ್ರಿ? ನನ್ನ ತಲೀ ಮ್ಯಾಲ ಕೈ ಇಟ್ಟು ಆಣಿ ಮಾಡ್ರಿ, ಯಾರ ಮುಂದೂ ಹೇಳೂದಿಲ್ಲಂತ. ಹೇಳಿದ್ರ ಆಕಿ ಒಬ್ಬಾಕೀನ ಕಾಶ್ಮೀರಕ್ಕ ಹೋಗ್ತಾಳ."

ಶೆಟ್ಟೆಪ್ಪ ಕೈ ಇಟ್ಟ. ಆ ಕೈ ತಕ್ಷಣ ಹಿಂದಕ್ಕೆ ಸರಿದದ್ದು ತನ್ನ ಜ್ವರದ ಕಾವಿಗೆ ಎಂದುಕೊಂಡಳು ರಾಚವ್ವ.

ಎರಡು ದಿನ ಕಳೆದಿರಬೇಕು. ಶೆಟ್ಟೆಪ್ಪ ಕೆಲಸಕ್ಕೆ ಹೋದ ಹೊತ್ತು. ಬಾಗಿಲಲ್ಲಿ ಬೂಟಿನ ಸಪ್ಪಳ. ಮುನ್ಸಿಪಾಲಿಟಿಯ ಡಾಕ್ಟರು, ಹಿಂದೆ ಚೀಲ ಹಿಡಿದ ಒಬ್ಬ ನರ್ಸು. ಆ ವರ್ಷಗಳಲ್ಲಿ ಅವರು ಸಿಡುಬಿನ ಬೆನ್ನು ಹತ್ತಿ ಚಾಳು ಚಾಳು ಹುಡುಕುತ್ತಿದ್ದರು; ಯಾರ ಮೈಮೇಲೆ ಗುಳ್ಳೆ ಎದ್ದಿದೆ ಎಂದು ವರ್ದಿ ಹೋದರೂ ಬಂದು ನೋಡುವರು.

"ಒಳಗ ಬರಬ್ಯಾಡ್ರಿ!" ಎಂದು ರಾಚವ್ವ ಕಿರುಚಿದಳು.

ಡಾಕ್ಟರಿಗೆ ಇಂಥ ಕೂಗು ಹೊಸದಲ್ಲ. ಹೊಸ್ತಿಲಾಚೆಯೇ ನಿಂತು, "ಹಾಥ್ ದಿಖಾವ್, ಬಾಯಿ," ಎಂದರು. ಸೀರೆಯ ಪರದೆಯ ಸಂದಿಯಿಂದ ಅವಳು ತೋಳು ಚಾಚಿದಳು. ಅವರು ಬಗ್ಗಿ ನೋಡಿ, ಸಿಡುಬಲ್ಲ, ಸೀತಾಳ ಸಿಡುಬು, ಜೀವಕ್ಕೆ ಭಯವಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತ, "ಪಂದ್ರಾ ದಿನ್ ಘರ್ ಸೇ ಬಾಹರ್ ನಹೀ. ರೈಲ್ ಮೇ ತೋ ಬಿಲ್ಕುಲ್ ನಹೀ," ಎಂದರು. ಹದಿನೈದು ದಿನ ಹೊರಗೆ ಕಾಲಿಡಬಾರದು, ರೈಲಂತೂ ಹತ್ತಲೇಬಾರದು.

ರೈಲಿನ ಮಾತು ಇವರಿಗೆ ಹೇಳಿದವರು ಯಾರು? ರಾಚವ್ವ ಗೋಡೆಯ ಕಡೆ ತಿರುಗಿದಳು. ಗೋಡೆಯಾಚೆ ಸದ್ದಿಲ್ಲ. ಬೇವಿನ ವಾಸನೆ ಆಚೆ ಹೋಗಿದೆ. ಮೂಗು ಚುರುಕಿನವಳು ಹಿಡಿದಳು, ವರ್ದಿ ಕೊಟ್ಟಳು. ಕುಕ್ಕರು ಸಾಲಲಿಲ್ಲ, ರೇಡಿಯೋ ಸಾಲಲಿಲ್ಲ, ಈಗ ಹಿಮವೂ ತನಗೊಬ್ಬಳಿಗೇ ಬೇಕು. ಆ ಹೊತ್ತಿಗೆ ಮೈಮೇಲಿನ ಗುಳ್ಳೆಗಳ ಉರಿ ರಾಚವ್ವನಿಗೆ ಏನೂ ಅನಿಸಲಿಲ್ಲ.

ಮೇ ಒಂದು. ಗೋಡೆಯಾಚೆ ಟ್ರಂಕಿನ ಮುಚ್ಚಳ ಬಿತ್ತು. ಚಾಳಿನ ಹೆಂಗಸರು ಇಂದ್ರಾಬಾಯಿಗೆ ಉಡಿ ತುಂಬುವ ಬಳೆ ಸದ್ದು ಕೇಳಿತು. ಆಮೇಲೆ ಅವಳ ದನಿ, ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ.

"ರಾಚಕ್ಕಾ, ನಿಮ್ಮನ್ನ ಬಿಟ್ಟು ಹೋಗ್ಲಿಕ್ಕೆ ಮನಸ್ಸ ಇಲ್ರೀ."

"ಮನಸ್ಸ ಇಲ್ಲಂದ್ರ ಹೋಗಬ್ಯಾಡ್ರಿ. ಕೂಡ್ರಿ ಇಲ್ಲೇ," ಎಂದಳು ರಾಚವ್ವ ಪರದೆಯ ಹಿಂದಿನಿಂದ.

ಆಮೇಲೆ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು.

ಆ ಹದಿನೆಂಟು ದಿನವೂ ರಾಚವ್ವ ಇಂದ್ರಾಬಾಯಿಯ ಬೆನ್ನ ಹಿಂದೆಯೇ ಪ್ರಯಾಣ ಮಾಡಿದಳು. ಅಣ್ಣು ಕೊಟ್ಟ ಕಾರ್ಯಕ್ರಮದ ಹಾಳೆಯನ್ನು ಮಲ್ಲಕ್ಕನಿಂದ ದಿನಾ ಓದಿಸುವಳು. ಇಂದು ದಿಲ್ಲಿ. ಇಂದು ಪಠಾಣಕೋಟ. ಇಂದು ಶ್ರೀನಗರ, ದೋಣಿಯ ಮನೆ. ಇಂದು ಸೋನಮಾರ್ಗ, ಹಿಮ. ಸೋನಮಾರ್ಗದ ದಿನ ಅವಳು ಉಣ್ಣಲಿಲ್ಲ. ಮಲಗಿದಲ್ಲಿಂದ ಕ್ಯಾಲೆಂಡರು ನೋಡಿದರೆ ಆ ಬಿಳುಪಿನ ಮೇಲೆ ಇಂದ್ರಾಬಾಯಿ ಅರಿಷಿಣ ಬಣ್ಣದ ಸೀರೆಯುಟ್ಟು ನಡೆದಾಡಿದಂತೆ ಕಾಣುತ್ತಿತ್ತು. ಎದ್ದು ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು.

ಹೊಪ್ಪಳೆ ಒಣಗಿ ಉದುರಿ, ಬೇವಿನ ನೀರು ಮೈಗೆ ಬಿದ್ದು, ತಾಯಿಗೆ ಮೊಸರನ್ನದ ಎಡೆ ಕೊಟ್ಟು ಕಳಿಸಿದ ಮೇಲೆ ರಾಚವ್ವ ಗುಲಾಬಿ ಚೀಟಿಗಳನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು ಮಾಟುಂಗಕ್ಕೆ ಹೋದಳು.

ಅಣ್ಣು ಅವಳ ಮುಖದ ಕಲೆ ನೋಡಿ ಮರುಗಿದ. "ಚೀಟಿ ಇದ್ದದ್ದು ಒಳ್ಳೆದಾಯ್ತು. ಹಣ ಬೇಕಾದ್ರೆ ಹಣ, ಇಲ್ಲದಿದ್ರೆ ಬರುವ ವರ್ಷದ ಮೇ ತಿಂಗಳಲ್ಲಿ ಇದೇ ಎರಡು ಸೀಟು. ಆದ್ರೆ ಹೊರಟ ದಿನದಿಂದ ಮೂವತ್ತು ದಿನದೊಳಗೆ ವಿಮೆಯವರಿಗೆ ಡಾಕ್ಟರ ಸರ್ಟಿಫಿಕೇಟು ಹೋಗ್ಬೇಕು. ಕಾಯಿಲೆ ಇದ್ದಾಗಲೇ ನೋಡಿದ ಡಾಕ್ಟರದ್ದು. ಯಾರು ನೋಡಿದ್ರು?"

"ಅಮ್ಮ ಬಂದಾಗ ಡಾಕ್ಟರನ್ನ ಯಾರು ಕರೀತಾರೋ? ನಿಮ್ಮ ಕಡೆ ಕರೀತಾರೇನು?" ಎಂದಳು ರಾಚವ್ವ. ಕರೆಯದೆ ಬಂದು ಹೊಸ್ತಿಲಾಚೆಯಿಂದ ನೋಡಿ ಹೋದವರನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಣ್ಣು ತಲೆ ಕೆರೆದುಕೊಂಡ. "ನಮ್ಮ ಕಡೆಯೂ ಕರೆಯುದಿಲ್ಲ. ಆದ್ರೆ ವಿಮೆಯವರಿಗೆ ಅಮ್ಮನ ಪರಿಚಯ ಇಲ್ಲ ಮಾರಾಯ್ರೆ."

"ಸರ್ಟಿಫಿಕೇಟ್ ಸಿಗಲಿಲ್ಲಂದ್ರ?"

"ಇನ್ನೂ ಹನ್ನೊಂದು ವರ್ಷ ರೊಟ್ಟಿ ತಟ್ಟಬೇಕು."

ದಹಿಸರ್ ಸ್ಟೇಶನ್ನಿನ ಹತ್ತಿರದ ಡಾಕ್ಟರು ಕಲೆಗಳನ್ನು ನೋಡಿದರು, ಆದರೆ ಪೆನ್ನು ಎತ್ತಲಿಲ್ಲ. ತಾನು ನೋಡದ ದಿನಕ್ಕೆ ತಾನು ಹೇಗೆ ಸಹಿ ಮಾಡಲಿ? ಮುನ್ಸಿಪಾಲಿಟಿಯ ಡಾಕ್ಟರು ಬಂದಿದ್ದರೆ ಅವರ ಪುಸ್ತಕದಲ್ಲಿ ಇರುತ್ತದೆ, ಅಲ್ಲಿ ಕೇಳು ಎಂದರು. ರಾಚವ್ವ ಬೊರಿವಲಿಯ ವಾರ್ಡ್ ಆಫೀಸಿಗೆ ಹೋದಳು. ಅಲ್ಲಿಯ ಮರಾಠಿ ಕಾರಕೂನ ಮೂಲೆಯಲ್ಲಿ ಗೋಡೆಗೆ ಆನಿಸಿಟ್ಟ ಎರಡು ಗೋಣಿಚೀಲಗಳನ್ನು ತೋರಿಸಿದ. ಏಪ್ರಿಲ್ ತಿಂಗಳ ವರ್ದಿಗಳೆಲ್ಲ ಅದರಲ್ಲಿವೆ. ಒಂದೋ ತಾರೀಖು ಹೇಳು, ಇಲ್ಲ ವರ್ದಿ ಕೊಟ್ಟವರ ಹೆಸರು ಹೇಳು. ತಾಯಿ ಮನೆಯಲ್ಲಿದ್ದ ದಿನಗಳನ್ನು ಎಣಿಸಬಾರದೆಂದು ಎಣಿಸದೆ ಬಿಟ್ಟಿದ್ದಳು. ತಾರೀಖು ಎಲ್ಲಿಂದ ಬರಬೇಕು? ಹೆಸರೊಂದು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಅಲ್ಲಿ ಉಗುಳಲು ಅಭಿಮಾನ ಬಿಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು. ಅವನು ತುತ್ತು ನುಂಗಿ, "ನಾ ಕೆಲಸದ ಮ್ಯಾಲಿದ್ದೆ. ಇಂದ್ರಾಬಾಯಿ ಬರ್ಲಿ, ಆಕೀನ್ನ ಕೇಳು," ಎಂದ.

"ಆಕೀನ್ನ ಕೇಳೂದಕ್ಕಿಂತ ನಾ ಇನ್ನೊಮ್ಮೆ ಅಮ್ಮನ್ನ ಕರಕೊಳ್ಳತೀನಿ."

ಹದಿನೆಂಟಕ್ಕೆ ಇಂದ್ರಾಬಾಯಿ ಬಂದಳು. ಕೆನ್ನೆ ಕೆಂಪಗೆ, ಹೆಗಲ ಮೇಲೆ ಕಸೂತಿಯ ಶಾಲು. ಹದಿನಾಲ್ಕೂ ಖೋಲಿಗಳಿಗೆ ಅಕ್ರೋಟು ಹಂಚಿದಳು. ಕಾಶ್ಮೀರದ ಹೆಂಗಸರ ಉಡುಪು ತೊಟ್ಟು, ಕಂಕುಳಲ್ಲಿ ಹಿತ್ತಾಳೆಯ ಕೊಡ ಇಟ್ಟುಕೊಂಡು, ಹಿಮದ ಮೇಲೆ ನಿಂತ ಫೋಟೋ ಕೈಯಿಂದ ಕೈಗೆ ಹೋಯಿತು. ಮಲ್ಲಕ್ಕ ಬಂದು, "ರಾಣಿ ಕಂಡಂಗ ಕಾಣ್ತಾಳ," ಎಂದಳು.

"ಕೊಡ ಹೊತ್ತಾಕಿ ನೀರ ಹೊರೂ ಹೆಣ್ಮಗಳು ಕಂಡಂಗ ಕಾಣಬೇಕು, ರಾಣಿ ಹೆಂಗ ಕಾಣ್ತಾಳ?" ಎಂದಳು ರಾಚವ್ವ. ಫೋಟೋ ಮಾತ್ರ ನೋಡಲಿಲ್ಲ. ಮಲ್ಲಕ್ಕ ಹೋದ ಮೇಲೆ, ಹೇಗೆ ನಿಂತಿದ್ದಳು, ಕೊಡ ಎಷ್ಟು ದೊಡ್ಡದಿತ್ತು ಎಂದು ಕೇಳಬೇಕಿತ್ತು ಎನಿಸಿತು.

ಅವಳ ಪಾಲಿನ ಅಕ್ರೋಟು ಅದೇ ಬಟ್ಟಲಲ್ಲಿ ಬಂತು. ಉಳಿದವರಿಗೆ ಒಂದೊಂದು ಹಿಡಿ, ಇವಳಿಗೆ ಬಟ್ಟಲು ತುಂಬ. ರಾಚವ್ವ ಅಕ್ರೋಟನ್ನು ಮೊರಕ್ಕೆ ಸುರಿದು ಬಟ್ಟಲನ್ನು ಬರಿದೇ ಕಳಿಸಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಗೋಡೆಯಾಚೆ ಬಟ್ಟಲನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟ ಸಪ್ಪಳ ಕೇಳಿಸಿತು. ಸುಖವಾಗಬೇಕಿತ್ತು, ಆಗಲಿಲ್ಲ.

ದಿನಗಳು ಸವೆದವು. ಇಪ್ಪತ್ತೇಳನೆಯ ತಾರೀಖಿಗೆ ಅವಳಿಗೆ ಉಳಿದದ್ದು ಮೂರು ದಿನ. ಬೆಳಿಗ್ಗೆ ಕ್ಯಾಲೆಂಡರನ್ನು ಮತ್ತೆ ಮುಂದಕ್ಕೆ ತಿರುಗಿಸಿದಳು. ಬೆಟ್ಟ ಹಾಗೇ ಇತ್ತು. ಅಂದಿನ ಮೊದಲ ಎರಡು ರೊಟ್ಟಿ ಎತ್ತಿಟ್ಟು, ಮೇಲೆ ಎಣ್ಣೆಗಾಯಿ ಹಾಕಿ, ತಾಟು ಹಿಡಿದು ಹನ್ನೆರಡನೇ ಖೋಲಿಯ ಬಾಗಿಲಿಗೆ ಹೋದಳು. ಆ ಆರು ಹೆಜ್ಜೆ ಅವಳಿಗೆ ಪಠಾಣಕೋಟಕ್ಕಿಂತ ದೂರವಾಗಿತ್ತು.

"ಬರ್ರಿ ರಾಚಕ್ಕಾ," ಎಂದಳು ಇಂದ್ರಾಬಾಯಿ, ಏನೂ ಆಗಿಲ್ಲವೆಂಬಂತೆ.

"ಕೂಡ್ಲಿಕ್ಕೆ ಬಂದಿಲ್ಲ. ಒಂದು ಮಾತು ಕೇಳತೀನಿ. ಆ ಮುನ್ಸಿಪಾಲಿಟಿ ಡಾಕ್ಟರ್ ನಮ್ಮ ಬಾಗಲಿಗೆ ಬಂದದ್ದು ಯಾವತ್ತು?"

ಇಂದ್ರಾಬಾಯಿ ಗಂಡನ ಕಡೆ ನೋಡಿದಳು. ಬಸವಂತರಾಯ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡ.

"ಏಪ್ರಿಲ್ ಇಪ್ಪತ್ಮೂರು. ಗುರುವಾರ."

"ಛಲೋ ನೆನಪೈತಿ ನಿಮಗ."

"ನೆನಪೈತ್ರೀ."

"ವರ್ದಿ ಕೊಟ್ಟವರ ಹೆಸರೂ ನೆನಪಿರಬೇಕಲ್ಲ?"

"ಅದನ್ನ ನನ್ನ ಬಾಯಿಂದ ಹೇಳಸಬ್ಯಾಡ್ರಿ."

ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡಳು ರಾಚವ್ವ. ಹೊರಡಬೇಕೆಂದು ತಿರುಗಿದವಳು ತಡೆಯಲಾರದೆ ಕೇಳಿಬಿಟ್ಟಳು: "ಬರ್ಫ ಹೆಂಗಿತ್ತು?"

"ಸುಡತೈತ್ರೀ ರಾಚಕ್ಕಾ. ಕೈಯಾಗ ಹಿಡದ್ರ ಕೆಂಡ ಹಿಡದಂಗ."

ಬೆಂಕಿಯ ಮುಂದೆ ಕೂರುವವಳನ್ನು ಹಂಗಿಸುತ್ತಿದ್ದಾಳೆ ಎಂದು ರಾಚವ್ವ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬಂದಳು.

ಮರುದಿನ ವಾರ್ಡ್ ಆಫೀಸು. ರಾಚವ್ವ ಎರಡು ಆಸೆ ಹೊತ್ತು ಹೋಗಿದ್ದಳು: ಒಂದು ಸರ್ಟಿಫಿಕೇಟು, ಇನ್ನೊಂದು ಇಂದ್ರಾಬಾಯಿಯ ಹೆಸರಿರುವ ಕಾಗದ. ಆ ಹೆಸರನ್ನು ನಲ್ಲಿಯ ಹತ್ತಿರ ನಿಂತು ಕೂಗಿ ಹೇಳಬೇಕು. ಎರಡರಲ್ಲಿ ಯಾವುದರ ಆಸೆ ಹೆಚ್ಚಿತ್ತೆಂದು ಅವಳಿಗೇ ತಿಳಿದಿರಲಿಲ್ಲ.

ತಾರೀಖು ಹೇಳಿದ ಮೇಲೆ ಕಾರಕೂನನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ದಾರ ಬಿಚ್ಚಿ, ಒಂದು ಕಾಗದ ಎಳೆದು ಮೇಜಿನ ಮೇಲೆ ಇಟ್ಟ. ಮರಾಠಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ರಾಚವ್ವನಿಗೆ ಓದು ಬರದು. ಅವಳ ಕಣ್ಣು ಕೆಳಗೆ ಇಳಿಯಿತು. ಅಲ್ಲಿ ಸಹಿ ಇರಲಿಲ್ಲ, ಹೆಬ್ಬೆಟ್ಟು ಇತ್ತು.

ಎಲ್ಲರ ಹೆಬ್ಬೆಟ್ಟಿನಲ್ಲಿ ಗೆರೆಗಳಿರುತ್ತವೆ. ಇದರಲ್ಲಿ ಒಂದೂ ಇರಲಿಲ್ಲ. ಸುಣ್ಣ, ಸಿಮೆಂಟು ಮೂವತ್ತು ವರ್ಷ ತಿಂದು ನುಣ್ಣಗೆ ಮಾಡಿದ ಬೆರಳು. ನೀಲಿ ಮಸಿಯ ಒಂದು ಬರೀ ಮಚ್ಚೆ. ಆ ಮಚ್ಚೆಯ ನಡುವೆ ಓರೆಯಾಗಿ ಒಂದು ಬಿಳಿ ಗೀರು. ಸಿಮೆಂಟು ಮೆತ್ತುವ ಕರಣೆ ಜಾರಿ ಕೊಯ್ದ ಗಾಯ ಅದು. ಆ ಗಾಯಕ್ಕೆ ಅರಿಷಿಣ ಮೆತ್ತಿ ಬಟ್ಟೆ ಸುತ್ತಿದವಳು ರಾಚವ್ವನೇ.

ಕಾರಕೂನ ಬೆರಳಿಟ್ಟು ಓದತೊಡಗಿದ, "ಶೆಟ್ಟೆಪ್ಪಾ, ಖೋಲಿ ನಂಬರ್ ಅಕರಾ..." ಅವನು ಆ ಹನ್ನೊಂದು ಓದುವ ಮೊದಲೇ ಅವಳು ಓದಿ ಮುಗಿಸಿದ್ದಳು. ಆ ಚಂದದ ಅಕ್ಷರ ಯಾರದೆಂದೂ ಹೊಳೆಯಿತು. ಚಾಳಿನಲ್ಲಿ ಎಲ್ಲರ ಅರ್ಜಿ ಬರೆದುಕೊಡುವವನು ಬಸವಂತರಾಯನೊಬ್ಬನೇ.

ಅಂದು ನೋಡಿದ್ದ ಡಾಕ್ಟರೇ ಬಂದು ಅವಳ ತೋಳಿನ ಕಲೆ ನೋಡಿ, ಪುಸ್ತಕ ನೋಡಿ, ಸರ್ಟಿಫಿಕೇಟು ಬರೆದು ಶಿಕ್ಕೆ ಒತ್ತಿದರು. ಕೈಯಲ್ಲಿ ಕಾಶ್ಮೀರ ಇತ್ತು. ಆದರೂ ಲೋಕಲಿನಲ್ಲಿ ಕೂತ ರಾಚವ್ವನಿಗೆ ಏನೋ ಕಳೆದುಕೊಂಡಂತಾಯಿತು. ಇಷ್ಟು ದಿನ ಅವಳ ಹೊಟ್ಟೆಯುರಿಗೆ ಒಂದು ಕಾರಣವಿತ್ತು, ಒಂದು ಸೀರೆಯಿತ್ತು. ಈಗ ಅದು ಬತ್ತಲೆ ನಿಂತಿತ್ತು.

ಸಂಜೆ ಶೆಟ್ಟೆಪ್ಪ ಮೋರಿಯ ಹತ್ತಿರ ಕೂತು ಕೈಯ ಸಿಮೆಂಟು ತಿಕ್ಕಿ ತೊಳೆಯುತ್ತಿದ್ದ. ರಾಚವ್ವ ಹಿಂದೆ ನಿಂತಳು.

"ಹೆಬ್ಬೆಟ್ಟು ಛಂದ ಒತ್ತೀರಿ."

ಅವನು ತೊಳೆಯುವುದನ್ನು ನಿಲ್ಲಿಸಿದ. ತನ್ನ ಬೆರಳನ್ನೇ ನೋಡಿಕೊಂಡ.

"ನಾ ಸಣ್ಣಾಂವಿದ್ದಾಗ ನನ್ನ ತಂಗ್ಯಾರು ಇಬ್ಬರು ಒಂದ ವಾರದಾಗ ಹೋದ್ರು. ಮನ್ಯಾಗ ಎಲ್ಲಾರೂ ಬೇವಿನ ತಪ್ಪಲ ಹಿಡಕೊಂಡು ಕುಂತಿದ್ವಿ. ನಿನ್ನ ಮೈ ನೋಡಿದ ಕೂಡ್ಲೆ ನನಗ ಅವರ ಮುಖಾನ ಕಂಡ್ವು. ಆಣಿ ಮುರದ ಪಾಪಕ್ಕ ಅಮ್ಮ ನನ್ನ ಹಿಡೀಲಿ, ನಿನ್ನ ಬಿಡ್ಲಿ ಅಂದುಕೊಂಡು ಹೋದೆ. ಕಾಶ್ಮೀರ ಹೋದ್ರ ಹೋತು, ನೀ ಹೋದ್ರ ನನಗ ರೊಟ್ಟಿ ಬಡಿಯಾವರ್ಯಾರು?"

"ರೊಟ್ಟಿ ಸಲುವಾಗಿ ಉಳಿಸಿಕೊಂಡ್ರೇನು?"

"ರೊಟ್ಟಿ ಒಂದ ಕಾರಣ," ಎಂದ ಶೆಟ್ಟೆಪ್ಪ. ನಗಲಿಲ್ಲ.

ರಾಚವ್ವ ಅವನ ಕೈಗೆ ನೀರು ಹಾಕುತ್ತ ಕೇಳಿದಳು: "ನಾ ಆಕೀಗೆ ಅಷ್ಟು ಅಂದೆ. ಬಟ್ಟಲ ಬರಿದು ಕಳಿಸಿದೆ. ಆಕಿ ಯಾಕ ಬಾಯಿ ಬಿಡಲಿಲ್ಲ?"

"ನಾ ಕೈ ಮುಗದು ಕೇಳಿಕೊಂಡಿದ್ದೆ. ನನ್ನ ಹೆಸರು ಬಂದ್ರ ಆಣಿ ಮುರದದ್ದು ತಿಳದು ನೀ ಹೆದರತೀದಿ ಅಂತ. 'ಅಣ್ಣಾರ, ರಾಚಕ್ಕ ಬೈದ್ರ ಬೈಸಿಕೊಳ್ಳತೀನಿ ಬಿಡ್ರಿ, ಹೊಸಾದೇನದು,' ಅಂದ್ಲು."

ಆ ರಾತ್ರಿ ರಾಚವ್ವನಿಗೆ ನಿದ್ದೆ ಹತ್ತಲಿಲ್ಲ. ಕುಕ್ಕರಿನಲ್ಲಿ ಮುಂದೆ ಹೋದಳು, ರೇಡಿಯೋದಲ್ಲಿ ಮುಂದೆ ಹೋದಳು, ಹಿಮದಲ್ಲಿ ಮುಂದೆ ಹೋದಳು. ಕೊನೆಗೆ ಒಳ್ಳೆಯತನದಲ್ಲೂ ಅವಳೇ ಮುಂದೆ. ರೊಟ್ಟಿಯಾದರೆ ಇನ್ನೂ ತೆಳ್ಳಗೆ ಬಡಿಯಬಹುದು. ಇದನ್ನು ಹೇಗೆ ಮೀರಿಸುವುದು? ಬೆಳಿಗ್ಗೆ ಎದ್ದವಳೇ ಹನ್ನೆರಡನೇ ಖೋಲಿಗೆ ಹೋಗಿ, ಕಟ್ಟೆಯ ಮೇಲಿದ್ದ ಬಟ್ಟಲನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದಳು. ಮಧ್ಯಾಹ್ನ ಅದರಲ್ಲಿ ಹನ್ನೆರಡು ಶೇಂಗಾ ಹೋಳಿಗೆ ಇಟ್ಟು ಒಯ್ದಳು. ಮೇಲಿನವು ಬಟ್ಟಲಿನ ಅಂಚು ದಾಟಿ ನಿಂತಿದ್ದವು.

"ಇಷ್ಟ್ಯಾಕ್ರೀ?" ಎಂದಳು ಇಂದ್ರಾಬಾಯಿ.

"ವರ್ಷಕ್ಕೊಂದರಂಗ. ತಿನ್ರಿ ಸುಮ್ಮನ," ಎಂದಳು ರಾಚವ್ವ. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತಿತು. ಇಂದ್ರಾಬಾಯಿ ಅದನ್ನು ಕೇಳಿಸಿಕೊಂಡವಳಂತೆ ತಲೆಯಾಡಿಸಿದಳು. ಅದೂ ರಾಚವ್ವನಿಗೆ ಸಹಿಸಲಾಗಲಿಲ್ಲ.

ಅಣ್ಣು ಸರ್ಟಿಫಿಕೇಟನ್ನು ಗಡುವಿಗೆ ಒಂದು ದಿನ ಮೊದಲು ವಿಮೆಯವರಿಗೆ ಮುಟ್ಟಿಸಿದ. ಎರಡು ತಿಂಗಳ ಮೇಲೆ ಒಪ್ಪಿಗೆ ಬಂತು. ಹಣವೋ ಸೀಟೋ ಎಂದು ಅವನು ಕೇಳಲೂ ಇಲ್ಲ. ಮುಂದಿನ ವರ್ಷದ ಪಟ್ಟಿಯ ಮೊದಲ ಸಾಲಿನಲ್ಲಿ ಇಬ್ಬರ ಹೆಸರು ಬರೆದ. ರಾಚವ್ವ ಆ ಸಲ ಯಾರೂ ಹೇಳದೆಯೇ ಗುಲಾಬಿ ಚೀಟಿ ಮಾಡಿಸಿದಳು.

೧೯೭೧ರ ಮೇ ಒಂದರಂದು ಹೊರಡುವ ಹೊತ್ತಿಗೆ ಇಂದ್ರಾಬಾಯಿ ಉಡಿ ತುಂಬಿ, ಕಸೂತಿಯ ಶಾಲು ತಂದು ಹೆಗಲಿಗೆ ಹಾಕಿದಳು. "ಅಲ್ಲಿ ಭಾಳ ಥಂಡಿ, ರಾಚಕ್ಕಾ." ಬೇಡವೆನ್ನಲು ಬಾಯಿ ತೆರೆದ ರಾಚವ್ವ ಶಾಲಿನ ಮೆತ್ತಗಿನ ಅಂಚು ಮುಟ್ಟಿ ಬಾಯಿ ಮುಚ್ಚಿದಳು.

ಸೋನಮಾರ್ಗದಲ್ಲಿ ಬಸ್ಸು ನಿಂತಾಗ ಎಲ್ಲರಿಗಿಂತ ಮೊದಲು ಇಳಿದಳು. ಎದುರಿಗೆ ಕ್ಯಾಲೆಂಡರಿನ ಗುಡ್ಡ, ಇದರ ಅಂಚು ಮಾತ್ರ ಕಂದಿರಲಿಲ್ಲ. ಹಿಮದ ಮೇಲೆ ಹತ್ತು ಹೆಜ್ಜೆ ನಡೆದು, ಬಗ್ಗಿ, ಮೂವತ್ತು ವರ್ಷ ಕಾದ ಹಂಚು ಮುಟ್ಟಿದ ಬಲಗೈಯಲ್ಲಿ ಒಂದು ಹಿಡಿ ಎತ್ತಿಕೊಂಡಳು. ಗಟ್ಟಿಯಾಗಿ ಹಿಡಿದಳು. ಕೆಂಡ ಹಿಡಿದಂತೆ ಸುಟ್ಟಿತು.

"ಖೋಡಿ, ಖರೇನ ಹೇಳಿದ್ಲು ನೋಡ್ರಿ," ಎಂದಳು ಗಂಡನಿಗೆ. ಕಣ್ಣಲ್ಲಿ ನೀರಿತ್ತು. ಆದರೂ ಕೈ ಬಿಡಲಿಲ್ಲ. ಅದು ಪೂರ್ತಿ ಕರಗಿ ಮೊಣಕೈಯಿಂದ ಇಳಿಯುವ ತನಕ ಹಿಡಿದೇ ನಿಂತಳು. ಇದು ಸುಡುತ್ತದೆಂದು ತನಗಿಂತ ಒಂದು ವರ್ಷ ಮೊದಲು ಅವಳಿಗೆ ಗೊತ್ತಾಗಿತ್ತಲ್ಲ ಎಂಬ ಉರಿ ಮಾತ್ರ ಕರಗಲಿಲ್ಲ.

ದಾರಿಯ ಬದಿಯಲ್ಲಿ ಫೋಟೋದವನು ಕಾಶ್ಮೀರಿ ಉಡುಪುಗಳನ್ನು ಹರವಿಕೊಂಡು ಕೂತಿದ್ದ. ರಾಚವ್ವ ಉಡುಪು ತೊಟ್ಟು, ಮೇಲೆ ಇಂದ್ರಾಬಾಯಿಯ ಶಾಲು ಕಾಣುವಂತೆ ಹೊದ್ದು ನಿಂತಳು. ಅವನು ಹಿತ್ತಾಳೆಯ ಕೊಡವನ್ನು ಅವಳ ಕಂಕುಳಿಗೆ ಇಟ್ಟ. ರಾಚವ್ವ ಕೊಡವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಚಾಳಿನಲ್ಲಿ ಇಂದ್ರಾಬಾಯಿಯ ಆ ಫೋಟೋವನ್ನು ಕೊನೆಗೆ ಅವಳೂ ನೋಡಿದ್ದಳು, ಯಾರೂ ಇಲ್ಲದಾಗ. ಅದರಲ್ಲೂ ಕೊಡ ಇಷ್ಟೇ ದೊಡ್ಡದಿತ್ತು.

"ಭಾಯಿ," ಎಂದಳು, "ಇಸ್ ಸೇ ಬಡಾ ಕೊಡ ಹೈ ಕ್ಯಾ?"